ತಾತನ ಲಿಬರೇಟರ್ ಮತ್ತು ಕ್ಯಾಲಿಫೋರ್ನಿಯಾದ ಮೋಡ

ಏರೋ ಇಂಡಿಯಾ ಬಂತು ಅಂದ್ರೆ ನಮ್ಮ ಬಾಶೆಟ್ಟಿಹಳ್ಳಿಯವರಿಗೆ ಟಿಕೆಟ್ಟು, ಪಾಸು ಯಾವುದರ ಚಿಂತೆಯೂ ಇಲ್ಲ. ಮಹಡಿ ಹತ್ತಿದರಾಯಿತು. ಯಲಹಂಕದ ವಾಯುನೆಲೆ ನಮಗೆ ದಕ್ಷಿಣಕ್ಕೆ, ನೇರವಾಗಿ ಅಳೆದರೆ ಸುಮಾರು ಹದಿನೈದು ಕಿಲೋಮೀಟರ್. ಸುಖೋಯ್ ಮೇಲಕ್ಕೆದ್ದರೆ ನಮ್ಮ ಮನೆ ಕಿಟಕಿ ಗಾಜು ನಡುಗುತ್ತೆ. ಫ್ಯಾಕ್ಟರಿಗಳ ಶಿಫ್ಟಿನ ಸೈರನ್ನು, ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳು, ಇವೆಲ್ಲದರ ನಡುವೆ ವರ್ಷ ಬಿಟ್ಟು ವರ್ಷ ಫೆಬ್ರವರಿಯಲ್ಲಿ ಒಂದು ವಾರ ನಮಗೆ ಈ ಸದ್ದು ಉಚಿತ.

2025ರ ಫೆಬ್ರವರಿಯಲ್ಲಿ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಒಟ್ಟಿಗೆ ಬಂದಾಗ ಪಕ್ಕದ ಮನೆಯ ಹುಡುಗ ನನ್ನನ್ನ ಕೇಳಿದ, "ಅಂಕಲ್, ನಿಮಗೆ ಯಾವುದು ಇಷ್ಟ?" ಅಂತ. ನಾನು "ಡಕೋಟ" ಅಂದೆ. ಅವನು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಪಾಪ, ಇವರಿಗೆ ವಯಸ್ಸಾಯ್ತು ಅನ್ನೋ ಹಾಗೆ :-) ಅವನಿಗೆ ಆವತ್ತು ಹೇಳದೆ ಬಿಟ್ಟ ಉತ್ತರ ಸ್ವಲ್ಪ ಉದ್ದ ಇದೆ. ಇಲ್ಲಿ ಬರೀತಿದ್ದೀನಿ.

ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಆಗ ಅದರ ಹೆಸರು ಹಿಂದೂಸ್ಥಾನ್ ಏರ್‌ಕ್ರಾಫ್ಟ್. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಶುರು ಮಾಡಿದ ಕಂಪನಿ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1941ರಲ್ಲೇ ಅಲ್ಲಿ ಜೋಡಿಸಿದ ಹಾರ್ಲೋ ಅನ್ನೋ ತರಬೇತಿ ವಿಮಾನ ಹಾರಿತು. ಯುದ್ಧ ಜೋರಾದ ಮೇಲೆ ಅಮೆರಿಕದ ಸೇನೆ ಕಾರ್ಖಾನೆಯನ್ನ ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ಬರ್ಮಾ ಕಡೆ ಏಟು ತಿಂದ ಮಿಚೆಲ್, ಡಕೋಟ, ಕ್ಯಾಟಲಿನಾ ಎಲ್ಲ ಇಲ್ಲಿಗೆ ಬಂದು ರಿಪೇರಿಯಾಗಿ ವಾಪಸ್ಸು ಹೋಗುತ್ತಿದ್ದವು. ಕ್ಯಾಟಲಿನಾ ಅಂದ್ರೆ ನೀರಿನ ಮೇಲೆ ಇಳಿಯೋ ವಿಮಾನ. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ನೊರೆ ಬರುತ್ತಲ್ಲ, ಅದೇ ಬೆಳ್ಳಂದೂರು.

ತಾತ ಸೇರಿದ್ದು ಆ ಗದ್ದಲದ ಕಾಲದಲ್ಲಿ, ಹದಿನೇಳು ಹದಿನೆಂಟರ ಹುಡುಗನಾಗಿ. ರಾಗಿ ಹೊಲದಿಂದ ನೇರ ಹ್ಯಾಂಗರಿಗೆ. ಇಂಗ್ಲೀಷು ಬರ್ತಿರಲಿಲ್ಲ, ಆದರೆ ಸ್ಪ್ಯಾನರ್ ಸೈಜು ಮಾತ್ರ ಕಣ್ಣಲ್ಲೇ ಹೇಳೋರು. ನಾನು ಚಿಕ್ಕವನಿದ್ದಾಗ ರಾತ್ರಿ ಊಟ ಆದಮೇಲೆ ಜಗಲಿ ಮೇಲೆ ಕೂತು ಕಥೆ ಹೇಳೋರು. ಬೇರೆ ಮನೆಗಳಲ್ಲಿ ರಾಮಾಯಣ, ನಮ್ಮಲ್ಲಿ ಲಿಬರೇಟರ್.

"ಬುಲ್ಡೋಜರ್ ಹತ್ತಿಸಿದ್ ಇಮಾನ ಕಣ್ಲಾ. ಇಂಜಿನ್ನಿಗೆ ಮರಳು ಸುರಿದಿದ್ರು. ಮೀಟ್ರು ಎಲ್ಲಾ ಒಡೆದಾಕಿದ್ರು. ಅಂಥವನ್ನ ಹಾರಿಸಿದ್ವಿ ನಾವು. ಒಂದಲ್ಲ, ಎರಡಲ್ಲ, ನಲವತ್ತು!"

ನಮ್ಮ ಚಿಕ್ಕಪ್ಪ ನಗೋರು. "ಅಪ್ಪಾ, ನಿನ್ನೆ ಮೂವತ್ತೈದು ಅಂದಿದ್ದೆ" ಅಂತ ಕಿಚಾಯಿಸೋರು. ತಾತ ಸಿಟ್ಟಾಗಿ ನಶ್ಯ ಏರಿಸಿ ಸುಮ್ಮನಾಗೋರು. ಬುಲ್ಡೋಜರ್ ಹತ್ತಿಸಿದ ವಿಮಾನ ಹಾರುತ್ತಾ? ನಾವ್ಯಾರೂ ನಂಬಲಿಲ್ಲ. ಸುಳ್ಳು ಅಂತ ಎದುರಿಗೆ ಹೇಳಲಿಲ್ಲ, ಅಷ್ಟೇ. ತಾತ ತೀರಿಕೊಂಡದ್ದು 1999ರಲ್ಲಿ.

ಅದಾಗಿ ಏಳು ವರ್ಷದ ಮೇಲೆ, 2006ರಲ್ಲಿ, ಎಲ್ಲ ಸಾಫ್ಟ್‌ವೇರಿನವರ ಹಾಗೆ ನಾನೂ ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾಗೆ ಹೋದೆ. ಒಂದು ರಾತ್ರಿ ನಿದ್ದೆ ಬರದೆ ಇಂಟರ್‌ನೆಟ್ಟಿನಲ್ಲಿ ಹೀಗೇ ಸುಮ್ಮನೆ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನ ಓದಿ ಎದ್ದು ಕೂತೆ. ತಾತ ಹೇಳಿದ್ದು ಅಕ್ಷರಶಃ ನಿಜ!

ನಡೆದದ್ದು ಇಷ್ಟು. ಬಿ-24 ಲಿಬರೇಟರ್ ಅಮೆರಿಕದ ನಾಲ್ಕು ಇಂಜಿನ್ನಿನ ಬಾಂಬರ್. ಯುದ್ಧಕಾಲದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಲೆಂಡ್-ಲೀಸ್ ಅನ್ನೋ ಒಪ್ಪಂದದಡಿ ಅಮೆರಿಕ ಇವನ್ನ ಬ್ರಿಟಿಷರಿಗೆ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ವಾಪಸ್ಸು ಕೊಡಬೇಕು, ಇಲ್ಲವೇ ಮತ್ತೆ ಯಾರೂ ಬಳಸದ ಹಾಗೆ ಹಾಳು ಮಾಡಬೇಕು. ವಾಪಸ್ಸು ಒಯ್ಯೋ ಖರ್ಚು ಯಾರಿಗೂ ಬೇಡ. ಹಾಗಾಗಿ ಭಾರತದಲ್ಲಿದ್ದ ಲಿಬರೇಟರುಗಳನ್ನೆಲ್ಲ ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ ಕೈಗೆ ಸಿಕ್ಕಿದ್ದರಲ್ಲಿ ಚಚ್ಚಿ, ಇಂಜಿನ್ನಿಗೆ ಮರಳು ಹಾಕಿ, ಬಿಟ್ಟು ಹೋದರು. ಸ್ವಾತಂತ್ರ್ಯ ಬಂದು, ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ನಮ್ಮ ವಾಯುಪಡೆಯ ಹತ್ತಿರ ದೊಡ್ಡ ಬಾಂಬರ್ ಒಂದೂ ಇರಲಿಲ್ಲ. ಕೊಳ್ಳೋಕೆ ದುಡ್ಡೂ ಇರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈ ಗುಜರಿ.

1948ರಲ್ಲಿ ಎಚ್‌ಎಎಲ್‌ನ ತಂಡ ಕಾನ್ಪುರಕ್ಕೆ ಹೋಗಿ, ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕಿ, ಬೆಂಗಳೂರು ಮುಟ್ಟುವಷ್ಟು ಮಾತ್ರ ಜೀವ ತುಂಬಿತು. ಅವನ್ನ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಷಿ. (1951ರಲ್ಲಿ ಡಾ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ವಿಮಾನವನ್ನ ಮೊದಲ ಸಲ ಹಾರಿಸಿದವರೂ ಇವರೇ.) ಸುಮಾರು ನಲವತ್ತು ವಿಮಾನ ಹಾಗೆ ಬಂದವು. ಬೆಂಗಳೂರಿನ ಹ್ಯಾಂಗರಿನಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದವರಲ್ಲಿ ನಮ್ಮ ತಾತ ಒಬ್ಬರು. ಅದೇ ವರ್ಷ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. 1968ರ ಕೊನೆಯವರೆಗೂ ಹಾರಿದವು. ಬೇರೆ ಎಲ್ಲ ದೇಶಗಳೂ ಲಿಬರೇಟರನ್ನ ಗುಜರಿಗೆ ಹಾಕಿ ಮರೆತು ಎಷ್ಟೋ ವರ್ಷ ಆಗಿತ್ತು ಆಗ.

ತಮಾಷೆ ಶುರುವಾಗೋದು ಇಲ್ಲಿಂದ. ಹಿಂದೆ ಲಿಬರೇಟರ್ ಹಾರಿಸಿದ್ದ ದೇಶಗಳವರಿಗೆ ಮ್ಯೂಸಿಯಮ್ಮಿನಲ್ಲಿಡೋಕೆ ಒಂದು ಬೇಕು ಅನ್ನಿಸಿ ನೋಡಿದರೆ, ಗಟ್ಟಿಯಾಗಿ ಉಳಿದಿರೋದು ಹೆಚ್ಚಾಗಿ ಭಾರತದಲ್ಲಿ! ಕೆನಡಾದವರು 1968ರಲ್ಲಿ ಒಂದು ಲೈಸ್ಯಾಂಡರ್ ವಿಮಾನ ಕೊಟ್ಟು ಬದಲಿಗೆ ಒಂದು ಲಿಬರೇಟರ್ ಒಯ್ದರು. ಅದು ಈಗ ಆಟವಾದಲ್ಲಿದೆ. ಅಮೆರಿಕದ ಆರಿಜೋನಾದ ಪೀಮಾ ಮ್ಯೂಸಿಯಮ್ಮಿಗೆ ಒಂದು 1969ರಲ್ಲಿ ಹಾರಿಕೊಂಡೇ ಹೋಯಿತು. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿಗೆ 1974ರಲ್ಲಿ ನಾವು ಒಂದನ್ನ ಉಡುಗೊರೆ ಕೊಟ್ಟೆವು. ನಮ್ಮದು ಅಂತ ಒಂದು ದೆಹಲಿಯ ಪಾಲಂ ಮ್ಯೂಸಿಯಮ್ಮಿನಲ್ಲಿದೆ. ಮರಳು ಸುರಿದು ಹೋದವರೇ ಮರಳಿ ಬಂದು ಕೇಳಿ ತಗೊಂಡು ಹೋದರು ಅಂತ ತಾತನಿಗೆ ಹೇಳಿದ್ದರೆ ಎಷ್ಟು ನಗೋರೋ.

ಇವುಗಳಲ್ಲಿ ಒಂದರ ಕಥೆಯೇ ಬೇರೆ. ಬ್ರಿಟನ್ನಿನ ಡಗ್ ಆರ್ನಾಲ್ಡ್ ಅನ್ನೋ ಹಳೇ ವಿಮಾನ ಸಂಗ್ರಾಹಕ ಎಂಬತ್ತರ ದಶಕದ ಶುರುವಿನಲ್ಲಿ ಭಾರತದಿಂದ ಒಂದನ್ನ ಬಿಚ್ಚಿ ಸರಕು ವಿಮಾನದಲ್ಲಿ ಸಾಗಿಸಿದ. ಅವನಿಂದ 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಕೊಂಡುಕೊಂಡಿತು. ವರ್ಷಗಟ್ಟಲೆ ಕೆಲಸ ಮಾಡಿ 1989ರಲ್ಲಿ ಮತ್ತೆ ಹಾರಿಸಿದರು. ಆಮೇಲೆ ಊರೂರಿಗೆ ಪ್ರವಾಸ. ನಮ್ಮ ಕಡೆ ಟೆಂಟು ಸಿನಿಮಾ ಬಂದು ನಾಲ್ಕು ದಿನ ಇದ್ದು ಮುಂದಿನ ಊರಿಗೆ ಹೋಗುತ್ತಿತ್ತಲ್ಲ, ಥೇಟ್ ಹಾಗೆ. ಬಿ-17 ಒಂದು, ಬಿ-24 ಒಂದು, ಜೊತೆಯಾಗಿ ಬರುತ್ತಿದ್ದವು. ದುಡ್ಡು ಕೊಟ್ಟರೆ ಒಳಗೆ ಕೂರಿಸಿಕೊಂಡು ಅರ್ಧ ಗಂಟೆ ಸುತ್ತಿಸೋರು. ಇಡೀ ಪ್ರಪಂಚದಲ್ಲಿ ಹಾರುವ ಸ್ಥಿತಿಯಲ್ಲಿದ್ದ ಲಿಬರೇಟರ್ ಮಾದರಿಯ ವಿಮಾನ ಆಗ ಎರಡೇ ಎರಡು. ಅದರಲ್ಲಿ ಒಂದು ಹಾರುತ್ತಿದ್ದದ್ದು ಬೆಂಗಳೂರಿನಲ್ಲಿ ಒಮ್ಮೆ ಮರುಜನ್ಮ ಪಡೆದಿತ್ತು ಅಂದ್ರೆ, ನನಗೆ ನಿದ್ದೆ ಹೇಗೆ ಬರಬೇಕು ಹೇಳಿ.

ಆ ವಿಮಾನ ನಾನಿದ್ದ ಕಡೆಯಿಂದ ಎರಡು ಗಂಟೆ ದಾರಿಯ ಒಂದು ಚಿಕ್ಕ ಏರ್‌ಪೋರ್ಟಿಗೆ ಬರುತ್ತೆ ಅಂತ ಗೊತ್ತಾಯ್ತು. ಭಾನುವಾರ. ಸೋಮವಾರ ಬೆಳಿಗ್ಗೆ ನನಗೆ ಊರಿಗೆ ವಾಪಸ್ಸು ಫ್ಲೈಟು. ರೂಮ್‌ಮೇಟನ್ನ ಎಬ್ಬಿಸಿ, ಬಾಡಿಗೆ ಕಾರು ಹಿಡಿದು, ಚಿತ್ರಾನ್ನ ಕಟ್ಟಿಕೊಂಡು ಹೊರಟೆವು.

ಸಮುದ್ರದ ಹತ್ತಿರದ ಊರು. ಅಲ್ಲಿ ಮೇ, ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ತಗ್ಗಿನ ಮೋಡ ಬಂದು ಬೂದಿ ಬಣ್ಣದ ಕಂಬಳಿ ಹೊದ್ದ ಹಾಗೆ ಕೂತುಬಿಡುತ್ತೆ. ಮಳೆ ಇಲ್ಲ, ಗಾಳಿ ಇಲ್ಲ, ಏನೂ ಇಲ್ಲ. ಬರೀ ಮೋಡ. ಬಿ-17 ಹಿಂದಿನ ದಿನವೇ ಬಂದು ನಿಂತಿತ್ತು. ಪಕ್ಕದ ಜಾಗ ಖಾಲಿ. ಬಿ-24 ಹಿಂದಿನ ಊರಿನಲ್ಲೇ ಉಳಿದಿದೆ, ಮೋಡ ಎದ್ದರೆ ಬರುತ್ತೆ ಅಂದರು. ಹನ್ನೊಂದಾಯ್ತು. ಒಂದಾಯ್ತು. ಚಿತ್ರಾನ್ನ ಖಾಲಿಯಾಯ್ತು. ಮೂರು ಗಂಟೆಗೆ ಒಬ್ಬ ಎಪ್ಪತ್ತೈದು ದಾಟಿದ ಸ್ವಯಂಸೇವಕ ಬಂದು, ಇವತ್ತು ಇಲ್ಲ ಅಂತ ಹೇಳಿದ.

ನನಗೆ ಅಳು ಬರೋದೊಂದು ಬಾಕಿ. ಇಷ್ಟು ದೊಡ್ಡ ದೇಶ, ಚಂದ್ರನ ಮೇಲೆ ಕಾಲಿಟ್ಟವರು, ಒಂದು ಮೋಡಕ್ಕೆ ಹೆದರಿಕೊಂಡು ಕೂತಿದ್ದಾರಲ್ಲ ಅಂತ ಸಿಟ್ಟೂ ಬಂತು. ಆ ಮುದುಕನ ಹತ್ತಿರ ಅದನ್ನೇ ಸ್ವಲ್ಪ ಮೆತ್ತಗೆ ಕೇಳಿದೆ. ನಮ್ಮ ತಾತ ಈ ವಿಮಾನಗಳನ್ನ ರಿಪೇರಿ ಮಾಡಿದವರು, ಬೆಂಗಳೂರು, ಅಂತಲೂ ಹೇಳಿದೆ. ಅವನಿಗೆ ವಿಮಾನ ಇಂಡಿಯಾದಲ್ಲಿತ್ತು ಅನ್ನೋದು ಗೊತ್ತಿತ್ತು, ಬೆಂಗಳೂರು ಗೊತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲೇ ಇಲ್ಲ. ಆಮೇಲೆ ಬಿ-17ರ ರೆಕ್ಕೆ ಕೆಳಗೆ ಕೂರಿಸಿಕೊಂಡು, ಯಾಕೆ ಬರಲಿಲ್ಲ ಅಂತ ಮಗುವಿಗೆ ಹೇಳುವ ಹಾಗೆ ಹೇಳಿದ.

ಅವನು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಸೇರಿಸಿ ಹೇಳ್ತೀನಿ. ಇವತ್ತಿನ ಜೆಟ್ಟು ಮೋಡದೊಳಗೆ ನುಗ್ಗಿ ಆಚೆ ಬರುತ್ತೆ. ಹಳೇ ವಿಮಾನಗಳನ್ನ ಮಾತ್ರ ನೆಲ ಕಣ್ಣಿಗೆ ಕಾಣುವಾಗಷ್ಟೇ ಹಾರಿಸೋದು ರೂಢಿ. ಹೋದರೆ ಇನ್ನೊಂದು ಸಿಗಲ್ಲವಲ್ಲ. ಟೈಗರ್ ಮಾತ್‌ನಂಥವಕ್ಕೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದ ರೆಕ್ಕೆ, ಜೋರು ಮಳೆಯೇ ಅದಕ್ಕೆ ಆಗಿಬರಲ್ಲ. ಇನ್ನು ಅಡ್ಡಗಾಳಿ. ಹಾರ್ವರ್ಡ್, ಡಕೋಟ, ಸ್ಪಿಟ್‌ಫೈರ್, ಇವಕ್ಕೆಲ್ಲ ಮೂರನೇ ಚಕ್ರ ಬಾಲದಲ್ಲಿ. ಭಾರ ಮುಂದಿನ ಚಕ್ರಗಳಿಂದ ಹಿಂದಕ್ಕಿರುತ್ತೆ. ಹಿಂದೆ ಭಾರ ಹೇರಿದ ಕೈಗಾಡಿಯನ್ನ ಇಳಿಜಾರಿನಲ್ಲಿ ಬಿಟ್ಟರೆ ಏನಾಗುತ್ತೆ? ಸ್ವಲ್ಪ ಸೊಟ್ಟಗಾದರೂ ಹಿಂದಿನ ಭಾರ ಮುಂದೆ ಬರೋಕೆ ನೋಡಿ ಗಿರ್ರನೆ ತಿರುಗಿಬಿಡುತ್ತೆ. ಇಳಿಯುವಾಗ ಅಡ್ಡಗಾಳಿ ಬಾಲಕ್ಕೆ ಹೊಡೆದರೆ ಇವೂ ಹಾಗೇ. (ಲಿಬರೇಟರಿಗೆ ಈ ತೊಂದರೆ ಇಲ್ಲ, ಅದರ ಚಕ್ರ ಮೂತಿಯ ಕೆಳಗಿದೆ. ಅದಕ್ಕೆ ಬೇರೆ ತೊಂದರೆಗಳಿದ್ದವು, ಬಿಡಿ.)

ನಮ್ಮ ಯಲಹಂಕದಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತೆ, ಎತ್ತರ. ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ. ಫೆಬ್ರವರಿ ಮಧ್ಯಾಹ್ನ 30 ಡಿಗ್ರಿ ಬಿಸಿಲು ಬಂದರೆ ಗಾಳಿ ತೆಳುವಾಗಿ, ಇಂಜಿನ್ನಿಗೂ ರೆಕ್ಕೆಗೂ ಐದೂವರೆ ಸಾವಿರ ಅಡಿ ಮೇಲಿದ್ದಂತೆಯೇ ಲೆಕ್ಕ. ಸುಖೋಯ್‌ಗೆ ಅದು ಲೆಕ್ಕಕ್ಕಿಲ್ಲ. 1940ರ ಇಂಜಿನ್ನಿಗೆ ಇದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಾರಿಸೋಣ ಅಂದ್ರೆ ಆಗ ಮಂಜು! ಡಿಸೆಂಬರ್, ಜನವರಿಯಲ್ಲಿ ಘಾಟಿ ಜಾತ್ರೆಗೆ ಬೆಳಗಿನ ಜಾವ ಹೋದವರಿಗೆ ಗೊತ್ತಿರುತ್ತೆ, ಮುಂದಿನ ಎತ್ತಿನ ಕೊಂಬು ಕಾಣಲ್ಲ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಚಳಿಗಾಲದ ಬೆಳಗಿನ ವಿಮಾನಗಳು ತಡವಾಗೋದೂ ಇದಕ್ಕೇ. ಮೊದಲ ಎರಡು ಏರೋ ಇಂಡಿಯಾ 1996, 1998ರ ಡಿಸೆಂಬರಿನಲ್ಲೇ ನಡೆದದ್ದು. 2001ರಿಂದ ಫೆಬ್ರವರಿ. ಯಾವ ಕಾರಣಕ್ಕೆ ಬದಲಾಯಿಸಿದರೋ ಏನೋ, ಇಲ್ಲಿ ಹುಟ್ಟಿ ಬೆಳೆದವನಾಗಿ ನಾನಂತೂ ಫೆಬ್ರವರಿಗೇ ಓಟು ಹಾಕ್ತೀನಿ.

ಪ್ರದರ್ಶನ ರದ್ದಾಗೋದು ನಮಗೊಬ್ಬರಿಗೇ ಆಗೋ ಅವಮಾನವೇನಲ್ಲ. ಇಂಗ್ಲೆಂಡಿನ ಫೇರ್‌ಫರ್ಡ್‌ನಲ್ಲಿ ನಡೆಯುವ ದೊಡ್ಡ ಏರ್ ಶೋ, ರಿಯಾಟ್ ಅಂತಾರೆ, 2008ರ ಜುಲೈನಲ್ಲಿ ಪೂರ್ತಿ ರದ್ದಾಯಿತು. ವಿಮಾನಗಳಿಗೇನೂ ಆಗಿರಲಿಲ್ಲ. ಮಳೆ ಬಂದು ಕಾರು ನಿಲ್ಲಿಸುವ ಹುಲ್ಲುಗಾವಲು ಕೆಸರು ಗದ್ದೆಯಾಗಿತ್ತು, ಜನ ಬರೋಕೇ ದಾರಿಯಿಲ್ಲ! 2018ರ ಮೇ ತಿಂಗಳಲ್ಲಿ ಡ್ಯಾಮ್‌ಬಸ್ಟರ್ಸ್ ದಾಳಿಯ 75ನೇ ವರ್ಷದ ನೆನಪಿಗೆ ಲ್ಯಾಂಕಾಸ್ಟರ್ ಬಾಂಬರ್ ಹಾರಬೇಕಿತ್ತು. ಜನ ಅಣೆಕಟ್ಟಿನ ಸುತ್ತ ಕಾದಿದ್ದರು. ಅಡ್ಡಗಾಳಿ ಅಂತ ಅದನ್ನ ಹೊರಗೇ ತೆಗೆಯಲಿಲ್ಲ. ಬದಲಿಗೆ ಟೈಫೂನ್ ಜೆಟ್ ಬಂದು ಹೋಯಿತು. 75 ವರ್ಷದ ನೆನಪಿಗೂ ಅವರು ಗಾಳಿಯ ಜೊತೆ ಚೌಕಾಸಿ ಮಾಡಲಿಲ್ಲ ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ಹವಾಮಾನ ಅಂದ ತಕ್ಷಣ ನಾವು ಆಕಾಶ ನೋಡ್ತೀವಿ, ನೆಲದ ಮೇಲಿನ ಜನರನ್ನ ಮರೀತೀವಿ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಬೀಚಿನಲ್ಲಿ ವಾಯುಪಡೆಯ ಪ್ರದರ್ಶನ ಇತ್ತಲ್ಲ. ಡಕೋಟ, ಹಾರ್ವರ್ಡ್ ಎರಡೂ ಹಾರಿದವು. ಆಕಾಶದಲ್ಲಿ ಎಲ್ಲ ಸರಿಯಿತ್ತು. ಲಕ್ಷಾಂತರ ಜನ ಬಿಸಿಲಿನಲ್ಲಿ ಸಿಕ್ಕಿಕೊಂಡು ಆವತ್ತು ಐದು ಜನ ಸತ್ತರು.

ಮೋಡ, ಗಾಳಿ ಯಾವುದೂ ಇಲ್ಲದ ದಿನವೂ ಆಕಾಶ ಮೋಸ ಮಾಡುತ್ತೆ. 2019ರ ಫೆಬ್ರವರಿ 19, ಏರೋ ಇಂಡಿಯಾದ ಹಿಂದಿನ ದಿನ, ಯಲಹಂಕದಲ್ಲಿ ರಿಹರ್ಸಲ್ ವೇಳೆ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ನಮ್ಮ ಬೀದಿಯಲ್ಲಿ ಆವತ್ತು ಯಾರೂ ಮಹಡಿ ಹತ್ತಲಿಲ್ಲ.

ಆದರೆ ಆ ವರ್ಷವೇ ನಾನು ಕಾದಿದ್ದ ವಿಮಾನವೂ ಬಂದಿತ್ತು. ಪರಶುರಾಮ ಅಂತ ಹೆಸರಿಟ್ಟ ಡಕೋಟ. ರಾಜೀವ್ ಚಂದ್ರಶೇಖರ್ ಅವರು ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಉಡುಗೊರೆ ಕೊಟ್ಟದ್ದು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. 2018ರ ಏಪ್ರಿಲಿನಲ್ಲಿ ಅದು ಇಂಗ್ಲೆಂಡಿನಿಂದ ಯುರೋಪು, ಅರಬ್ ದೇಶಗಳ ಮೇಲೆ ಇಳಿದು ಏರಿ ಇಳಿದು ಏರಿ ಜಾಮ್‌ನಗರಕ್ಕೆ ಬಂತು. ಮೇ 4ರಂದು ಹಿಂಡನ್‌ನಲ್ಲಿ ವಾಯುಪಡೆಗೆ ಸೇರಿತು. ಅದರ ಮೈಮೇಲೆ ಬರೆದಿರೋ ವಿಪಿ-905 ಅನ್ನೋ ನಂಬರು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನ ಹೊತ್ತುಹೋದ ಡಕೋಟಗಳ ನೆನಪಿನದು.

ನನಗೆ ಮುಖ್ಯವಾದದ್ದು ಅದರ ಇಂಜಿನ್ನು. ಡಕೋಟಕ್ಕೆ ಇರೋದು ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್. ಎರಡು ಸುತ್ತಿನಲ್ಲಿ ಹದಿನಾಲ್ಕು ಸಿಲಿಂಡರು, 1200 ಅಶ್ವಶಕ್ತಿ. ಲಿಬರೇಟರಿಗೆ ಇದ್ದದ್ದೂ ಅದೇ ಮನೆತನದ್ದು, ಎರಡರ ಬದಲು ನಾಲ್ಕು. ತಾತ ಹೇಳೋರು, ಸ್ಟಾರ್ಟ್ ಮಾಡೋ ಮುಂಚೆ ಫ್ಯಾನನ್ನ ಕೈಯಲ್ಲೇ ನಾಲ್ಕಾರು ಸುತ್ತು ತಿರುಗಿಸಬೇಕು, ಇಲ್ಲದಿದ್ರೆ ಕೆಳಗಿನ ಸಿಲಿಂಡರಲ್ಲಿ ಎಣ್ಣೆ ನಿಂತು ಇಂಜಿನ್ನೇ ಮುರಿದುಹೋಗುತ್ತೆ ಅಂತ. "ಎಣ್ಣೆ ಸೋರ್ತಿಲ್ಲಾ ಅಂದ್ರೆ ಎಣ್ಣೇನೇ ಇಲ್ಲಾ ಅಂತ ತಿಳ್ಕೋ" ಅನ್ನೋರು.

ಡಕೋಟ ನೋಡೋಕೆ ಮಹಡಿ ಸಾಲದು. ಅಪ್ಪನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಣಸಮಾರನಹಳ್ಳಿ ಕಡೆ ಹೋಗಿ ರಸ್ತೆ ಪಕ್ಕ ನಿಂತೆ. ಕಡಲೆಕಾಯಿ, ಕಲ್ಲಂಗಡಿ ಹಣ್ಣು ಮಾರೋರು, ಕಾರಿನ ಮೇಲೆ ಹತ್ತಿ ನಿಂತ ಕಾಲೇಜು ಹುಡುಗರು, ಬೈದುಕೊಂಡು ಓಡಾಡೋ ಟ್ರಾಫಿಕ್ ಪೊಲೀಸಿನವರು. ಜಾತ್ರೆಯೇ. ಬೆಳಿಗ್ಗೆ ಮಬ್ಬು ಮಬ್ಬಾಗಿತ್ತು. ನಾನು ಕ್ಯಾಲಿಫೋರ್ನಿಯಾ ನೆನೆಸಿಕೊಂಡು, ಇಲ್ಲೂ ಇಷ್ಟೇ ನನ್ನ ಹಣೆಬರಹ, ಅಂದುಕೊಂಡೆ. ಅಪ್ಪ ಮಾತ್ರ "ಹಾರದಿದ್ರೆ ಬ್ಯಾಡ ಬಿಡು, ನಾಳೆ ಬಂದ್ರಾಯ್ತು. ಎಲ್ಲಿಗೋಗ್ತದೆ ಅದು" ಅಂತ ಕಡಲೆಕಾಯಿ ಬಿಡಿಸುತ್ತಾ ನಿಂತಿದ್ದರು.

ಮಬ್ಬು ಕರಗಿತು. ಜೆಟ್ಟುಗಳ ಅಬ್ಬರದ ಮಧ್ಯೆ ಅದು ಬಂದದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಕಾರಿನ ಮೇಲಿನ ಹುಡುಗರು ಮೊಬೈಲ್ ಕೆಳಗಿಳಿಸಿ ಮಾತಾಡಿಕೊಂಡರು. ನಿಧಾನಕ್ಕೆ, ತಗ್ಗಿನಲ್ಲಿ, ಗುಡುಗುಡು ಅನ್ನೋ ಒಂದೇ ಶ್ರುತಿಯ ಸದ್ದು. ಹಳೇ ರಾಗಿ ಮಿಲ್ಲಿನ ಸದ್ದಿಗೆ ಸ್ವಲ್ಪ ಹತ್ತಿರ. ಅಪ್ಪ ಕಡಲೆಕಾಯಿ ನಿಲ್ಲಿಸಿ, ತಲೆ ಎತ್ತದೆ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅದು ದೂರ ಹೋದಮೇಲೆ ಹೇಳಿದರು:

"ನಾನು ಚಿಕ್ಕೋನಿದ್ದಾಗ ಒಂದ್ಸಲ ನಮ್ಮಪ್ಪ ಅಮ್ಮನ ಜೊತೆ ನನ್ನ ಕಾರ್ಖಾನೆ ಗೇಟ್ ಹತ್ರ ಕರ್ಕೊಂಡ್ ಹೋಗಿತ್ತು. ಒಳಗ್ ಬಿಡಲಿಲ್ಲ. ಆಚೆ ನಿಂತು ಕೇಳ್ಕೋ ಅಂತು. ಇದೇ ಸದ್ದು."

ಕಾಲಿಂಗ್ಸ್ ಫೌಂಡೇಷನ್ನಿನ ಬಿ-17, ಅದೇ ನಾನು ರೆಕ್ಕೆ ಕೆಳಗೆ ಕೂತಿದ್ದದ್ದು, 2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್‌ನಲ್ಲಿ ಬಿದ್ದು ಏಳು ಜನ ಸತ್ತರು. ಮರುವರ್ಷ ಮಾರ್ಚಿನಲ್ಲಿ ಜನರನ್ನ ಕೂರಿಸಿಕೊಂಡು ಹಾರಿಸುವ ಪರವಾನಗಿಯನ್ನ ಅಲ್ಲಿನ ಸರ್ಕಾರ ರದ್ದು ಮಾಡಿತು. ಬೆಂಗಳೂರಿನ ಲಿಬರೇಟರ್ ಹಾರುವುದನ್ನ ಇನ್ನು ನಾನು ನೋಡ್ತೀನಿ ಅನ್ನೋ ಆಸೆ ಬಿಟ್ಟಿದ್ದೀನಿ. ಪಾಲಂನದನ್ನ ಮಾತ್ರ ಹೋಗಿ ನೋಡಿಕೊಂಡು ಬಂದೆ. ಬಯಲಲ್ಲಿ ನಿಂತಿರೋ ವಿಮಾನ ಮುಟ್ಟಬಾರದು ಅಂತ ಬರೆದಿರ್ತಾರೆ, ಗೊತ್ತು. ಆದರೂ ಕಾವಲಿನವರು ಆ ಕಡೆ ತಿರುಗಿದಾಗ ಒಂದು ರಿವೆಟ್ಟಿನ ಮೇಲೆ ಬೆರಳಿಟ್ಟೆ. ಚಿಕ್ಕಪ್ಪನಿಗೆ ಫೋನು ಮಾಡಿ, ಹೌದಂತೆ, ನಲವತ್ತೇ ಅಂತೆ, ಅಂದೆ.